ಮೂರನೇ ಚಾನೆಲ್

ಮೂವತ್ತೊಂದು ವರ್ಷ ನಾನು ಮಾಡಿದ್ದು ಅಂಗಡಿಗಳ ತಕ್ಕಡಿ ಪರೀಕ್ಷಿಸುವ ಕೆಲಸ. ತಟ್ಟೆಯ ಅಡಿಯಲ್ಲಿ ಅಂಟಿಸಿದ ಮೇಣ, ಒಳಗೆ ಕೊರೆದು ಟೊಳ್ಳು ಮಾಡಿದ ತೂಕದ ಬಟ್ಟು, ಎಲ್ಲ ಕಂಡಿದ್ದೇನೆ. ನಿವೃತ್ತಿಯಾದರೂ ಚಾಳಿ ಬಿಟ್ಟಿಲ್ಲ. "ನಿಮಗೆ ನಿಮ್ಮ ನೆರಳಿನ ಮೇಲೂ ಅನುಮಾನ" ಎನ್ನುತ್ತಾಳೆ ಹೆಂಡತಿ. ಇರಬಹುದು. ನೆರಳು ಮಧ್ಯಾಹ್ನ ಒಂದು ಅಳತೆ, ಸಂಜೆ ಇನ್ನೊಂದು ಅಳತೆ. ಅದನ್ನು ಹೇಗೆ ನಂಬುವುದು?

ಅಂಥವನ ಪಾಲಿಗೆ ಬಂದದ್ದು ಮನೆಯಲ್ಲೇ ಹಾಡು ರೆಕಾರ್ಡ್ ಮಾಡುವ ಕೆಲಸ. ನನ್ನ ಹೆಂಡತಿಗೆ ಒಬ್ಬ ಅಕ್ಕ, ಇಬ್ಬರು ತಂಗಿಯರು. ತಾಯಿ ಕಲಿಸಿದ ಹಾಡುಗಳನ್ನು ನಾಲ್ವರೂ ಚಿಕ್ಕಂದಿನಿಂದ ಒಟ್ಟಿಗೇ ಹಾಡಿಕೊಂಡು ಬಂದವರು. ಅಕ್ಕನನ್ನು ನಾನೂ ಸೇರಿ ಎಲ್ಲರೂ ದೊಡ್ಡಕ್ಕ ಎನ್ನುತ್ತೇವೆ. ದೊಡ್ಡಕ್ಕನ ಗಂಟಲಿಗೆ ಆಪರೇಷನ್ ನಿಗದಿಯಾಗಿತ್ತು. ಆಮೇಲೆ ಧ್ವನಿ ಉಳಿದೀತು ಎಂದು ಭರವಸೆ ಕೊಡಲಾರೆ ಎಂದಿದ್ದರು ಡಾಕ್ಟರು. ಇನ್ನು ಹನ್ನೊಂದು ದಿನವಿತ್ತು.

"ನಾಲ್ಕೂ ಜನ ಒಟ್ಟಿಗೆ ಹಾಡ್ತೀವಿ. ಒಬ್ಬಳೇ ಅಂದ್ರೆ ನನಗೆ ಬಾಯೇ ಬರಲ್ಲ," ಎಂದರು ದೊಡ್ಡಕ್ಕ. "ಆದ್ರೆ ನನ್ನ ಧ್ವನಿ ಒಂದನ್ನೇ ಬೇರೆ ತೆಗೆದು ಕೊಡಿ. ಆಮೇಲೆ ಕೇಳ್ಕೊಳ್ಳೋಕೆ ನನ್ನದು ಅಂತ ಒಂದಿರಲಿ."

ಹಾಗಾದರೆ ನಾಲ್ಕು ಮೈಕು ಬೇಕು. ನಾಲ್ಕನ್ನೂ ಬೇರೆ ಬೇರೆ ಚಾನೆಲ್‌ನಲ್ಲಿ ಹಿಡಿದು ಕಂಪ್ಯೂಟರಿಗೆ ಕಳಿಸುವ ಆಡಿಯೊ ಇಂಟರ್‌ಫೇಸ್ ಎಂಬ ಪೆಟ್ಟಿಗೆ ಬೇಕು. ಅದನ್ನು ಕೇಳಿ ಹೆಂಡತಿ ಮುಖ ಚಿಕ್ಕದು ಮಾಡಿದಳು.

"ನಡುವೆ ಒಂದು ಮೈಕ್ ಇಟ್ರೆ ಸಾಲದಾ?"

ಒಂದೇ ದಿನದಲ್ಲಿ ಮೂರು ಸಲ ಕೇಳಿದಳು. ಪರದೆಗೆ ಒಪ್ಪುವ ದಿಂಬು, ದಿಂಬಿಗೆ ಒಪ್ಪುವ ಕುರ್ಚಿ ಕೊಳ್ಳುವವಳಿಗೆ ಇದ್ದಕ್ಕಿದ್ದಂತೆ ಉಳಿತಾಯದ ಚಿಂತೆ ಯಾಕೆ? ನನ್ನ ಕಿವಿ ನೆಟ್ಟಗಾದವು. ಇವಳೇನೋ ಮುಚ್ಚಿಡುತ್ತಿದ್ದಾಳೆ ಎಂದುಕೊಂಡೇ ಅಂಗಡಿಗೆ ಹೋದೆ.

ಅಂಗಡಿಯವನು ಕನ್ನಡಕವನ್ನು ಹಣೆಗೇರಿಸಿಕೊಂಡು ಎರಡು ಪೆಟ್ಟಿಗೆ ಮುಂದಿಟ್ಟ. ಅಗ್ಗದ್ದರ ಮೇಲೆ 'ಎಂಟು ಇನ್‌ಪುಟ್' ಎಂದು ದಪ್ಪಕ್ಷರದಲ್ಲಿತ್ತು. ತಿರುಗಿಸಿ ನೋಡಿದೆ. ಮೈಕಿನ ತೂತು ಎರಡೇ.

"ಉಳಿದ ಆರು ಎಲ್ಲಿ?"

"ಹಿಂದ್ಗಡೆ ಇದೆಯಲ್ಲ ಸಾರ್. ಅದಕ್ಕೆ ಮೈಕ್ ನೇರವಾಗಿ ಹಾಕಿದ್ರೆ ಏನೂ ಕೇಳಲ್ಲ. ಮೈಕಿಂದ ಬರೋದು ತೀರಾ ಸಣ್ಣ ಶಬ್ದ. ಅದನ್ನ ಎತ್ತೋಕೆ ಪ್ರೀಆಂಪ್ ಬೇಕು. ಇದರಲ್ಲಿ ಎರಡೇ ಪ್ರೀಆಂಪ್ ಇರೋದು."

"ಅಂದ್ರೆ ಎಂಟು ಅಂತ ಬರೆದು ಎರಡು ಕೊಡೋದು!"

"ಎಂಟು ಇದೆ ಸಾರ್. ಆದ್ರೆ ಮೈಕಿಗೆ ಎರಡು."

ತಕ್ಕಡಿಯಲ್ಲಿ ಮೋಸ ಮಾಡುವ ಅಂಗಡಿಯವರೂ ಇದೇ ಧಾಟಿಯಲ್ಲಿ ಮಾತಾಡುತ್ತಿದ್ದರು. ಎರಡನೆಯ ಪೆಟ್ಟಿಗೆಯಲ್ಲಿ ನಾಲ್ಕು ಪ್ರೀಆಂಪ್ ಒಳಗೇ ಇದ್ದವು. "ಇದನ್ನೇ ತಗೊಳ್ಳಿ, ತಲೆನೋವಿಲ್ಲ" ಎಂದ. ಅವನು ಬೇಡ ಎಂದಿದ್ದರೆ ಕೊಳ್ಳುತ್ತಿದ್ದೆನೋ ಏನೋ. ತಗೊಳ್ಳಿ ಎಂದದ್ದರಿಂದ ಬಿಟ್ಟೆ. ಅಗ್ಗದ ಪೆಟ್ಟಿಗೆಯನ್ನೂ, ಬೇರೆಯಾಗಿ ಎರಡು ಚಾನೆಲ್‌ನ ಒಂದು ಪ್ರೀಆಂಪನ್ನೂ ಆರಿಸಿ, ನನ್ನೆದುರೇ ಪರೀಕ್ಷಿಸಿ ಕೊಡು ಎಂದು ಪಟ್ಟು ಹಿಡಿದೆ. ಒಂದು ಗಂಟೆ ಅವನ ತಲೆ ತಿಂದೆ.

ಮನೆಯಲ್ಲಿ ದೊಡ್ಡ ಕೋಣೆಯ ನಾಲ್ಕು ಮೂಲೆಗೆ ನಾಲ್ಕು ಮೈಕು ನಿಲ್ಲಿಸಿದೆ. ಒಬ್ಬರ ಧ್ವನಿ ಇನ್ನೊಬ್ಬರ ಮೈಕಿಗೆ ನುಸುಳದಂತೆ ನಡುವೆ ಹಾಸಿಗೆಗಳನ್ನು ಎತ್ತಿ ನಿಲ್ಲಿಸಿದೆ. ಪಕ್ಕದ ಕೋಣೆಯಲ್ಲಿ ಪೆಟ್ಟಿಗೆ, ಕಂಪ್ಯೂಟರು, ನಾನು. ಹೆಂಡತಿ ಒಂದನೇ ಚಾನೆಲ್, ತಂಗಿಯರು ಎರಡು ಮತ್ತು ನಾಲ್ಕು, ದೊಡ್ಡಕ್ಕ ಮೂರು. ಮೂರು ಮತ್ತು ನಾಲ್ಕು ಆ ಬೇರೆ ಪ್ರೀಆಂಪಿನ ಮೂಲಕ.

ಹಾಡು ಶುರುವಾಯಿತು. ಮೂರನೇ ಚಾನೆಲ್‌ನ ದೀಪ ಮಾತ್ರ ಮಿಣುಕಲೇ ಇಲ್ಲ. ಗುಬುಟು ತಿರುಗಿಸಿ ಏರಿಸಿದರೆ ಬರೀ ಸುಯ್ ಎನ್ನುವ ಸದ್ದು. ಮೈಕು ಬದಲಿಸಿದೆ, ವೈರು ಬದಲಿಸಿದೆ. ಆಗಲೂ ಅಷ್ಟೇ. ಪ್ರೀಆಂಪನ್ನು ಬೋರಲು ಹಾಕಿ ನೋಡಿದರೆ ಸ್ಕ್ರೂ ಮೇಲೆ ಗೀರು! ಯಾರೋ ಬಿಚ್ಚಿದ್ದಾರೆ. ಹಳೆಯದನ್ನು ರಿಪೇರಿ ಮಾಡಿ ನನಗೆ ಟೋಪಿ ಹಾಕಿದ್ದಾನೆ. ಮೈ ಉರಿದುಹೋಯಿತು.

"ಅದನ್ನ ಬಿಚ್ಚಿ ತೋರ್ಸು ಅಂತ ಹಟ ಮಾಡಿದ್ದು ನೀವೇ ಸಾರ್," ಎಂದ ಅಂಗಡಿಯವನು ಫೋನಿನಲ್ಲಿ. ಹೌದು, ನಾನೇ. ಆದರೂ ಅವನ ದನಿ ತೀರಾ ಸಮಾಧಾನವಾಗಿತ್ತು, ಅದೂ ನನಗೆ ಹಿಡಿಸಲಿಲ್ಲ.

ತಕ್ಕಡಿ ಸುಳ್ಳೋ ಸರಕು ಸುಳ್ಳೋ ತಿಳಿಯಬೇಕಾದರೆ ನಮ್ಮ ಇಲಾಖೆಯಲ್ಲಿ ಒಂದು ಕ್ರಮವಿತ್ತು. ತಟ್ಟೆ ಅದಲುಬದಲು ಮಾಡಿ ತೂಗುವುದು. ಮರುದಿನ ಯಾರಿಗೂ ಹೇಳದೆ ಹೆಂಡತಿಯ ಮೈಕಿನ ವೈರನ್ನು ಮೂರಕ್ಕೆ, ದೊಡ್ಡಕ್ಕನದನ್ನು ಒಂದಕ್ಕೆ ಚುಚ್ಚಿದೆ.

ಮೂರನೇ ದೀಪ ಹಸಿರಾಗಿ ಕುಣಿಯಿತು. ಒಂದನೆಯದು ಸತ್ತಂತಿತ್ತು.

ಪ್ರೀಆಂಪ್ ಸರಿಯಿತ್ತು. ಉಳಿದ ಚಾನೆಲ್‌ಗಳನ್ನು ಮುಚ್ಚಿ ಹೆಡ್‌ಫೋನಿನಲ್ಲಿ ಒಂದನೆಯದನ್ನೇ ಕೇಳಿದೆ. ಉಸಿರು. ಬಳೆಯ ಸದ್ದು. ಸಾಲಿನ ಕೊನೆಗೆ ನೂಲಿನಷ್ಟು ದನಿ ಎದ್ದು, ಅಲ್ಲೇ ಕಡಿದುಹೋಗುತ್ತಿತ್ತು. ಆಮೇಲೆ ಮೂರನೆಯದನ್ನು ಕೇಳಿದೆ. ದೊಡ್ಡಕ್ಕನ ಸರದಿ ಬಂದಾಗಲೆಲ್ಲ ನನ್ನ ಹೆಂಡತಿ ತನ್ನ ಸಾಲು ಬಿಟ್ಟು ಅಕ್ಕನ ಸಾಲನ್ನು ಎತ್ತಿಕೊಳ್ಳುತ್ತಿದ್ದಳು. ಅಕ್ಕನ ಹಾಗೆಯೇ ಎಳೆದು, ಅಕ್ಕನ ಹಾಗೆಯೇ ಇಳಿಸುತ್ತಿದ್ದಳು.

ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು, ವೈರು ಬದಲಿಸಿದ್ದನ್ನು ಹೇಳಿ ಹೆಂಡತಿಯನ್ನು ಕೇಳಿದೆ. ಅವಳು ಕೈ ಒರೆಸಿಕೊಳ್ಳುತ್ತಲೇ ಇದ್ದಳು.

"ಆರು ತಿಂಗಳಾಯ್ತು ರೀ. ಅಕ್ಕನ ಹಾಡೋ ದನಿ ಆಗಲೇ ಹೋಗಿದೆ. ಅವಳ ಸಾಲು ನಾನು, ನನ್ನ ಸಾಲು ತಂಗಿಯರು ಹಾಡ್ತಿದ್ದೀವಿ. ಎಲ್ಲರ ದನಿ ಕಲೆತಾಗ ಅವಳಿಗೆ ಗೊತ್ತಾಗಲ್ಲ. ಅದಕ್ಕೇ ಒಂದೇ ಮೈಕ್ ಸಾಕು ಅಂತ ಬಡ್ಕೊಂಡೆ. ನಿಮ್ಮ ಕಾಟ ಒಂದು!" ಅತ್ತುಬಿಟ್ಟಳು. "ಆ ಮೂರನೇದನ್ನೇ ಅವಳದು ಅಂತ ಕೊಟ್ಬಿಡಿ. ನಿಮ್ಮ ಕಾಲಿಗೆ ಬೀಳ್ತೀನಿ."

ಮೂವತ್ತೊಂದು ವರ್ಷದಲ್ಲಿ ಒಂದು ಸುಳ್ಳು ಬಟ್ಟಿಗೂ ನಾನು ಮುದ್ರೆ ಒತ್ತಿದವನಲ್ಲ. ಆದರೂ ದೊಡ್ಡಕ್ಕನನ್ನು ಕರೆದು ಕೂರಿಸಿ, ಹೆಡ್‌ಫೋನ್ ಕೊಟ್ಟು, ಮೂರನೇ ಚಾನೆಲ್ ಹಾಕಿದೆ.

"ಇದು ನಿಮ್ಮದು," ಎಂದೆ.

ಅವರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಮೂರನೇ ಸಾಲಿನ ನಡುವೆ ಉಸಿರು ತಗೊಳ್ಳೋದು ನಿಮ್ಮವಳ ಹಳೇ ಚಾಳಿ," ಎಂದರು ಮೆಲ್ಲಗೆ. "ಅಮ್ಮನಿಗೆ ಬೈದೂ ಬೈದೂ ಸಾಕಾಗಿತ್ತು. ಈಗ ನಿಜವಾಗ್ಲೂ ನನ್ನದು ಯಾವುದೋ ಅದನ್ನ ಹಾಕಿ."

"ದೊಡ್ಡಕ್ಕ..."

"ಹಾಕಿ. ನಿಮಗೆ ಸುಳ್ಳು ಹೇಳೋಕೆ ಬರಲ್ಲ."

ಒಂದನೆಯದನ್ನು ಹಾಕಿದೆ. ಉಸಿರು, ಬಳೆ, ಆ ನೂಲು. ಅವರ ತುಟಿ ಅದರ ಜೊತೆಗೇ ಅಲುಗುತ್ತಿತ್ತು. ನನಗೆ ಅವರನ್ನು ನೋಡಲಾಗದೆ ಪ್ರೀಆಂಪಿನ ಗುಬುಟನ್ನು ಸುಮ್ಮನೆ ತಿರುಗಿಸಿದೆ.

"ಇದನ್ನೇ ಕೊಡಿ," ಎಂದರು. "ತೂಕ ಕಮ್ಮಿ ಇದ್ರೂ ನನ್ನದೇ ಅಲ್ವಾ."

ಪೆನ್‌ಡ್ರೈವಿಗೆ ಹಾಕಿಕೊಟ್ಟೆ. ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡರು. ಅಷ್ಟರಲ್ಲಿ ಹೆಂಡತಿ ಬಾಗಿಲಲ್ಲಿ ಬಂದು ನಿಂತಳು.

"ಹೇಗಿತ್ತು ಅಕ್ಕಾ?"

"ಪರವಾಗಿಲ್ಲ ಕಣೇ," ಎಂದು ದೊಡ್ಡಕ್ಕ ನಕ್ಕರು. "ನಾನಿನ್ನೂ ಚೆನ್ನಾಗೇ ಹಾಡ್ತೀನಿ."

ಹೆಂಡತಿ ನನ್ನ ಕಡೆ ಅನುಮಾನದಿಂದ ನೋಡಿದಳು. ನಾನು ವೈರು ಸುತ್ತಿಡತೊಡಗಿದೆ.