ಅಡುಗೆಮನೆಗೆ ತಂದ ಹಸಿರು ಟೈಲ್ಸ್

ಟೈಲ್ಸ್ ಆರಿಸಲು ವಾರ್ತಿನಿ ಕ್ಲಾತೆನ್ ಪೇಟೆಗೆ ಒಂದು ಬಾಟಲಿ ನೀರು ಹಿಡಿದುಕೊಂಡೇ ಹೋಗಿದ್ದಳು. ಒಂದೊಂದನ್ನೂ ನೆಲಕ್ಕಿಳಿಸಿ, ಮೇಲೆ ನೀರು ಸುರಿದು, ಚಪ್ಪಲಿ ಬಿಟ್ಟು ಹತ್ತಿ ನಿಂತು ನೋಡಿದಳು. ಜಾರಿದ್ದನ್ನೆಲ್ಲ ವಾಪಸ್ ಇಡಿಸಿದಳು. ಹನ್ನೊಂದನೆಯದನ್ನು ಇಳಿಸುವಾಗ ಅಂಗಡಿಯವನು ಸೊಂಟ ಹಿಡಿದುಕೊಂಡು, ಹೆಂಗಸರನ್ನು ಮರ್ಯಾದೆಗೆ ಕರೆಯುವಂತೆ, "ಬು, ಇದು ಮನೆಗೆ ಹಾಕೋಕೋ, ಕುಣಿಯೋಕೋ?" ಎಂದ.

"ದುಡಿಯೋಕೆ. ಇಳಿಸು."

ಕೊನೆಗೆ ಒಪ್ಪಿಗೆಯಾದದ್ದು ಕಡುಹಸಿರಿನದು. ಮೈ ಒರಟು, ಅಂಚಿನಲ್ಲಿ ಸಣ್ಣ ಬಳ್ಳಿ. ಅಂಗಡಿಯಲ್ಲೇ ದುಬಾರಿಯದು. ಅದು ಅಡುಗೆಮನೆಗೆ. ಮುಂದಿನ ಕೋಣೆಗೆ ಅಗ್ಗದ ಬಿಳಿ ಟೈಲ್ಸ್ ಸಾಕು ಎಂದಳು.

ಇಪ್ಪತ್ತೆರಡು ವರ್ಷದಿಂದ ಅವಳು ಆ ಅಡುಗೆಮನೆಯ ಮಣ್ಣುನೆಲದ ಮೇಲೆ ತೆಂಪೆ ಮಾಡಿ ಮಾರುತ್ತಿದ್ದಳು. ಸೋಯಾಕಾಳು ಬೇಯಿಸಬೇಕು, ಬುಟ್ಟಿಯಲ್ಲಿ ತುಳಿದು ಸಿಪ್ಪೆ ಬಿಡಿಸಬೇಕು, ತೊಳೆಯಬೇಕು, ಬಾಳೆ ಎಲೆಯಲ್ಲಿ ಕಟ್ಟಿ ಹುದುಗು ಬರಲು ಇಡಬೇಕು. ನೀರು ಚೆಲ್ಲಿ ನೆಲ ಸದಾ ಕೆಸರು. ಎರಡು ಸಲ ಜಾರಿ ಬಿದ್ದಿದ್ದಳು, ಎರಡನೆಯ ಸಲ ಕುದಿನೀರಿನ ಸಮೇತ. ಎಡಗೈ ಮೊಣಕೈವರೆಗೆ ಇನ್ನೂ ಸುಕ್ಕುಗಟ್ಟಿತ್ತು.

ಭಾನುವಾರ ಸಂಬಾತಾನ್ ಇಟ್ಟುಕೊಂಡರು. ಕೇರಿಯ ಗಂಡಸರು ಬಂದು ಕೂಲಿಯಿಲ್ಲದೆ ಕೆಲಸ ಮಾಡಿಕೊಡುತ್ತಾರೆ. ಮನೆಯವರು ಹೊಟ್ಟೆ ತುಂಬ ಊಟ ಹಾಕಬೇಕು, ಕೆಲಸದಲ್ಲಿ ಹುಳುಕು ತೆಗೆಯಬಾರದು. ವಾರ್ತಿನಿ ನಸುಕಿಗೇ ಎದ್ದು ಅನ್ನ, ತೆಂಗಿನಹಾಲಿನಲ್ಲಿ ಎಳೆಹಲಸಿನ ಸಾರು ಮಾಡಿಟ್ಟಳು. ಬಂದವರಿಗೆ ಚಹಾ, ಕರಿದ ಬಾಳೆಹಣ್ಣು ಕೊಟ್ಟಳು. ಗಂಡ ಜುಮಾದಿಗೆ "ಹಸಿರು ಹಿಂದೆ, ಬಿಳಿ ಮುಂದೆ" ಎಂದು ಎರಡು ಸಲ ಹೇಳಿ, ತೆಂಪೆ ಹೊತ್ತುಕೊಂಡು ಸಂತೆಗೆ ಹೋದಳು.

ಹನ್ನೊಂದಕ್ಕೆ ಬಂದು ನೋಡಿದರೆ ಮುಂದಿನ ಕೋಣೆಯ ಅರ್ಧ ನೆಲ ಹಸಿರಾಗಿತ್ತು. ಬಿಳಿ ಟೈಲ್ಸಿನ ಪೆಟ್ಟಿಗೆಗಳನ್ನು ಅಡುಗೆಮನೆಯ ಬಾಗಿಲಲ್ಲಿ ಪೇರಿಸಿದ್ದರು.

ದಾರ ಕಟ್ಟುತ್ತ ಕೂತಿದ್ದ ಗಾರೆಯವ ಕಸಿಮಾನ್ ತಲೆಯೆತ್ತಿದ. "ನೋಡಿ ಬು, ಗೆರೆ ಎಳೆದ ಹಾಗಿದೆ. ಅಂಗಡಿಯವನು ಚೀಟೀಲಿ ಅದಲುಬದಲು ಬರ್ದಿದ್ದ. ನಾವೇ ಸರಿಮಾಡಿದ್ವಿ."

"ಚೀಟಿ ಸರಿಯಾಗೇ ಇತ್ತು."

ಅವನ ಜೊತೆಯ ಮೂವರೂ ನಕ್ಕರು. ಒಬ್ಬ, "ಇಷ್ಟು ಒಳ್ಳೇದನ್ನ ಅಡುಗೆಮನೆಗೆ ಯಾರು ಹಾಕ್ತಾರೆ ಬು? ಹಲ್ಲಿಗೆ ತೋರ್ಸೋಕಾ?" ಎಂದ.

ವಾರ್ತಿನಿ ಗಂಡನ ಕಡೆ ತಿರುಗಿ, ಗಂಡಸರನ್ನು ಮರ್ಯಾದೆಗೆ ಕರೆಯುವ ಮಾತಿನಲ್ಲೇ ಕೇಳಿದಳು: "ಪಾಕ್, ನಾನು ಏನು ಹೇಳಿ ಹೋದೆ?"

ಜುಮಾದಿ ಅವಳನ್ನು ಬಾಗಿಲ ಮರೆಗೆ ಎಳೆದ. "ಹೇಳ್ದೆ. ಎಲ್ರೂ ನಕ್ರು. ಬಂದೋರು ಕೂರೋದು ಇಲ್ಲೇ ತಾನೆ. ಸುಮ್ನಿರು ಬು, ಪುಕ್ಕಟೆ ಮಾಡ್ತಿದ್ದಾರೆ. ಈಗ ಬಾಯಿ ಬಿಟ್ರೆ ನಾಳೆ ನಮ್ಮನೇಲಿ ಸಾವಾದ್ರೂ ಒಬ್ರೂ ಬರಲ್ಲ."

"ಬಂದೋರು ವರ್ಷಕ್ಕೆ ಎಷ್ಟು ದಿನ ಕೂರ್ತಾರೆ? ನಾನು ದಿನಾ ನಿಲ್ತೀನಲ್ಲ. ಆ ಬಿಳೀದು ನೀರು ಬಿದ್ರೆ ಎಣ್ಣೆ ಥರ ಜಾರುತ್ತೆ."

"ಒಂದು ಗೋಣಿಚೀಲ ಹಾಸ್ಕೊಂಡ್ರಾಯ್ತು."

ವಾರ್ತಿನಿಯ ಕಿವಿ ಬಿಸಿಯಾಯಿತು. ಕೇರಿಯವರು ನಕ್ಕಿದ್ದಕ್ಕೆ ಅವಳಿಗೆ ಅಷ್ಟು ಉರಿದಿರಲಿಲ್ಲ. ಅವರಿಗೇನು ಗೊತ್ತು. ಆದರೆ ಸುಟ್ಟ ಕೈಗೆ ಎರಡು ತಿಂಗಳು ಮುಲಾಮು ಹಚ್ಚಿದವನು ಇವನು. ಚರ್ಮ ಕಿತ್ತು ಬಂದದ್ದನ್ನು ಕಣ್ಣಾರೆ ಕಂಡವನು. ಇವನ ಬಾಯಲ್ಲೂ ಗೋಣಿಚೀಲದ ಮಾತು.

ಅವಳು ಉಟ್ಟ ಬಟ್ಟೆ ಮೇಲೆತ್ತಿ ಸಿಕ್ಕಿಸಿಕೊಂಡು, ಕಸಿಮಾನ್‌ನ ಕರಣೆ ಎತ್ತಿಕೊಂಡು, ಕೊನೆಯ ಸಾಲಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಸಿಮೆಂಟು ಇನ್ನೂ ಹಸಿಯಾಗಿತ್ತು. ಮೊದಲ ಟೈಲ್ ಪಚಕ್ಕೆಂದು ಎದ್ದು ಬಂತು.

"ಬು, ಅದು ನಾನು ಕೂರಿಸಿದ್ದು."

"ಚೆನ್ನಾಗೇ ಕೂರಿಸಿದೀರಿ ಪಾಕ್. ಜಾಗ ತಪ್ಪು."

"ಮೂವತ್ತು ವರ್ಷದಿಂದ ಈ ಕೆಲಸ ಮಾಡ್ತಿದೀನಿ. ಹಸಿರು ಒಳಗೆ ಹಾಕಿ ಅಂತ ಒಬ್ಬ ಹೆಂಗಸೂ ಹೇಳಿಲ್ಲ."

"ನೀವು ಒಬ್ಬ ಹೆಂಗಸನ್ನಾದ್ರೂ ಕೇಳಿದ್ರಾ?"

ಕಸಿಮಾನ್ ದಾರದ ಉಂಡೆಯನ್ನು ನೆಲಕ್ಕೆ ಬಿಸಾಡಿದ. ಜುಮಾದಿ ಹಿಂದಿನಿಂದ ಹೆಂಡತಿಯ ಭುಜ ಹಿಡಿದ. ಅವಳು ತಿರುಗಿ ನೋಡಿದ ನೋಟಕ್ಕೆ ಕೈ ತಾನಾಗಿ ಜಾರಿತು. ಟೈಲುಗಳು ಒಂದೊಂದಾಗಿ ಎದ್ದು ಬಂದವು. ಎರಡರ ಮೂಲೆ ಒಡೆಯಿತು. ಅದಕ್ಕೂ ಅವಳಿಗೆ ಇವರ ಮೇಲೆಯೇ ಸಿಟ್ಟು ಬಂತು.

"ಹೊರಡ್ತೀವಿ," ಎಂದ ಕಸಿಮಾನ್.

"ಉಣ್ಣದೆ ಹೇಗೆ ಹೋಗ್ತೀರಿ? ಸಂಬಾತಾನ್‌ಗೆ ಬಂದೋರು ಬರಿಹೊಟ್ಟೇಲಿ ಹೋದ್ರೆ ನನಗೂ ಮರ್ಯಾದೆ ಇಲ್ಲ, ನಿಮಗೂ ಇಲ್ಲ."

ಮುಂದಿನ ಕೋಣೆ ತುಂಬ ಹಸಿ ಸಿಮೆಂಟು. ಅಂಗಳದಲ್ಲಿ ತಲೆ ಸುಡುವ ಬಿಸಿಲು. ಅವಳು ತಟ್ಟೆಗಳನ್ನು ಅಡುಗೆಮನೆಯಲ್ಲೇ ಇಟ್ಟಳು. ಆ ಮನೆಯಲ್ಲಿ ಹೊರಗಿನ ಗಂಡಸರು ಅಲ್ಲಿ ಉಂಡದ್ದಿರಲಿಲ್ಲ. ಐದು ಜನರೂ ಗೋಡೆ ಹಿಡಿದುಕೊಂಡು ಒಳಗೆ ಬಂದರು. ಕೂರಲು ಒಣಜಾಗ ಹುಡುಕಿದರು, ಸಿಗಲಿಲ್ಲ. ಕುಕ್ಕರಗಾಲಲ್ಲೇ ಕೂತರು. ಹಿಮ್ಮಡಿ ಕೆಸರಿಗಿಳಿಯಿತು. ಒಲೆಯ ಹೊಗೆಗೆ ಕಣ್ಣಲ್ಲಿ ನೀರು ಬಂತು. ಹಲ್ಲಿಯ ಮಾತಾಡಿದವನು ಅನ್ನ ಕಲೆಸುತ್ತ ಎರಡು ಸಲ ವಾಲಿ, ಪಕ್ಕದವನ ಮಂಡಿ ಹಿಡಿದುಕೊಂಡ. ಜುಮಾದಿ ತಟ್ಟೆಯಿಂದ ತಲೆಯೆತ್ತಲಿಲ್ಲ.

ವಾರ್ತಿನಿ ನಿಂತೇ ಬಡಿಸಿದಳು. ಎರಡನೆಯ ಸಲ ಸಾರು ಹಾಕುವಾಗ ಕಸಿಮಾನ್ ನೆಲವನ್ನೇ ನೋಡುತ್ತ ಕೇಳಿದ:

"ಇಳಿಜಾರು ಯಾವ ಕಡೆಗೆ ಕೊಡ್ಬೇಕು?"

"ಹಿತ್ತಿಲ ಕಡೆಗೆ. ಒಲೆ ಹತ್ರ ನೀರು ನಿಲ್ಬಾರ್ದು."

ಅವನು ಸ್ವಲ್ಪ ಹೊತ್ತು ಅಗಿದ. "ಸಿಟ್ಟು ಇಳೀತಾ ಬು?"

"ಇಲ್ಲ," ಎಂದಳು ಅವಳು. "ಅನ್ನ ಹಾಕ್ಲಾ?"