ಪುಕ್ಕಟೆಯಕ್ಕನ ಬಾಣ

"ಪ್ಲಗ್ ಕಿತ್ತುಬಿಡಿ ಅತ್ಲಾಗೆ," ಎಂದ ಮೇಲಿನ ಮನೆಯ ಟೈಲರ್.

"ಅಯ್ಯೋ, ಹಾಗೆಲ್ಲ ಕೀಳಬೇಡಪ್ಪ, ಬೈತಾರೆ!" ಎಂದರು ಎದುರುಮನೆಯ ನರ್ಸಮ್ಮ. ಅಂದ ಮೇಲೆ ತಮ್ಮ ಮಾತು ತಮಗೇ ಕೇಳಿಸಿ ಬಾಯಿಗೆ ಕೈ ಅಡ್ಡ ಹಿಡಿದರು. ಬೈಯಬೇಕಾದವಳು ಅಲ್ಲೇ, ಮೇಜಿನ ಪಕ್ಕದಲ್ಲಿ, ಬಿಳಿ ಹೊದಿಕೆಯ ಕೆಳಗೆ ಮಲಗಿದ್ದಳು.

ಆಸ್ಪತ್ರೆಯಿಂದ ತಂದ ದೇಹಕ್ಕೆ ಜಾಗ ಬೇಕಲ್ಲ ಎಂದು ಮೇಜನ್ನು ಗೋಡೆಗೆ ಸರಿಸಿದ್ದರು. ಸರಿಸುವಾಗ ಮೌಸ್ ಅಲುಗಿ, ನಿನ್ನೆಯಿಂದ ಕಪ್ಪಾಗಿದ್ದ ಪರದೆಗೆ ಜೀವ ಬಂದುಬಿಟ್ಟಿತು. ಆ ಬೆಳಕು ನೇರ ಸತ್ತವಳ ಮುಖದ ಮೇಲೆ ಬೀಳುತ್ತಿತ್ತು. ಯಾರಿಗೂ ಸರಿಕಾಣಲಿಲ್ಲ, ಆದರೆ ಆರಿಸುವ ಧೈರ್ಯವೂ ಯಾರಿಗೂ ಇಲ್ಲ. ಕಂಪ್ಯೂಟರನ್ನು ಕತ್ತು ಹಿಸುಕಿದ ಹಾಗೆ ಆರಿಸಬಾರದು, ಅದನ್ನು ಕೇಳಿಕೊಂಡು ಆರಿಸಬೇಕು ಎಂದು ಆ ಕಟ್ಟಡದಲ್ಲಿ ಒಬ್ಬೊಬ್ಬರೂ ಅವಳಿಂದ ಬೈಸಿಕೊಂಡವರೇ.

"ನೀವೇ ಆರಿಸಿ," ಎಂದರು ನರ್ಸಮ್ಮ, ಬಾಗಿಲ ಬಳಿ ನಿಂತಿದ್ದ ಸತ್ತವಳ ತಮ್ಮನಿಗೆ. "ಏನೇ ಆದ್ರೂ ಒಡಹುಟ್ಟಿದವರು. ಅದೇನೋ ಬರೆದಿದೆ ನೋಡಿ ಅದರಲ್ಲಿ. ನನ್ನ ಕನ್ನಡಕ ಮನೇಲೇ ಉಳೀತು."

ತಮ್ಮ ಹೋಗಿ ಮೇಜಿನ ಮುಂದೆ ಬಗ್ಗಿದ. ಪರದೆಯ ನಡುವೆ ಚಿಕ್ಕದೊಂದು ಚೌಕ. 'ಎದುರಿನ ಕಂಪ್ಯೂಟರ್ ಸಂಪರ್ಕ ಕಡಿದುಕೊಂಡಿದೆ.' ಅದರ ಕೆಳಗೆ ಅವನ ಅಂಗಡಿಯ ಹೆಸರು, ನಿನ್ನೆಯ ತಾರೀಖು. ಹಿಂದೆ ನಿಂತ ಟೈಲರ್ ಕತ್ತು ಉದ್ದ ಮಾಡುವುದರೊಳಗೆ ಅವನು 'ಸರಿ' ಎಂಬಲ್ಲಿ ಒತ್ತಿದ. ಚೌಕ ಮಾಯವಾಯಿತು. ಆಮೇಲೆ ಅಕ್ಕ ಹೇಳುತ್ತಿದ್ದಂತೆಯೇ ಒಂದೊಂದನ್ನೇ ಮುಚ್ಚಿ, ಕೇಳಿಕೊಂಡು ಆರಿಸಿ, ಕಂಪ್ಯೂಟರಿನ ಸಣ್ಣ ದೀಪ ನಂದುವವರೆಗೂ ಕಾದ.

"ಏನಂತೆ ಅದು?" ಎಂದು ಕೇಳಿದ ಟೈಲರ್.

"ಏನಿಲ್ಲ. ಯಾವುದೋ ಅಪ್‌ಡೇಟ್ ಬಂದಿತ್ತು," ಎಂದ.

ಅಕ್ಕನಿಗೆ ಪುಕ್ಕಟೆಯಕ್ಕ ಎಂದು ಹೆಸರಿಟ್ಟವನು ಈ ಟೈಲರನೇ. ವಕೀಲರೊಬ್ಬರ ಕಚೇರಿಯಲ್ಲಿ ಟೈಪಿಸ್ಟಾಗಿ ಬೆರಳು ಸವೆಸಿದವಳು ನಿವೃತ್ತಿಯಾದ ಮೇಲಾದರೂ ಸುಮ್ಮನೆ ಕೂತಳೇ? ಇಲ್ಲ. ಯಾರಾದರೂ ದುಡ್ಡು ಕೊಟ್ಟು ಕಂಪ್ಯೂಟರಿಗೆ ಏನಾದರೂ ಹಾಕಿಸಿಕೊಂಡರೆಂದು ಕೇಳಿದರೆ ಅವಳ ಹೊಟ್ಟೆ ಉರಿಯುತ್ತಿತ್ತು. "ಪುಕ್ಕಟೆ ಸಿಗತ್ತಲ್ರೀ, ಯಾಕ್ರೀ ಕೊಟ್ರಿ?" ಎಂದು ಮೆಟ್ಟಿಲ ಮೇಲೇ ಅಡ್ಡ ಹಾಕುತ್ತಿದ್ದಳು. ಪತ್ರ ಬರೆಯುವುದಕ್ಕೆ, ಚಿತ್ರ ತಿದ್ದುವುದಕ್ಕೆ, ಅಳಿಸಿಹೋದದ್ದನ್ನು ವಾಪಸು ತರುವುದಕ್ಕೆ ಪುಕ್ಕಟೆ ಸಾಫ್ಟ್‌ವೇರುಗಳನ್ನು ಹುಡುಕಿಟ್ಟುಕೊಂಡು, ಕರೆಯದಿದ್ದರೂ ಹೋಗಿ ಹಾಕಿಕೊಟ್ಟು ಬರುತ್ತಿದ್ದಳು.

"ತಪ್ಪಾದ್ರೆ ವಾಪಸ್ ತಗೊಳ್ಳೋ ಗುಂಡಿ ತೋರಿಸಿಕೊಟ್ರು ನಂಗೆ," ಎಂದ ಟೈಲರ್, ಹೊರಗೆ ಮೆಟ್ಟಿಲ ಮೇಲೆ ಕೂತು. "ಅಕ್ಕಾ, ಇಂಥದ್ದೊಂದು ನನ್ನ ಕತ್ತರಿಗೂ ಹಾಕಿಕೊಡಿ, ಪುಣ್ಯ ಬರತ್ತೆ ಅಂದೆ. ನಕ್ಕೂ ನಕ್ಕೂ ಕೆಮ್ಮು ಬಂತು ಅವರಿಗೆ."

"ನಂಗೆ ಅಕ್ಷರ ದೊಡ್ಡದು ಮಾಡೋದು ಹೇಳ್ಕೊಟ್ರಪ್ಪ. ಕಂಟ್ರೋಲ್ ಒತ್ತಿ ಹಿಡಿದು ಚಕ್ರ ತಿರುಗಿಸಿ ಅಂತ. ಕನ್ನಡಕದವರ ಹೊಟ್ಟೆ ಮೇಲೆ ಹೊಡೆದ್ರಿ ಅಂದೆ ನಾನು." ನರ್ಸಮ್ಮ ನಕ್ಕರು, ನಗು ಅರ್ಧಕ್ಕೇ ನಿಂತಿತು. "ಇಷ್ಟು ಜನಕ್ಕೆ ಬೇಕಾದವರು. ಕೊನೇ ಗಳಿಗೇಲಿ ಹತ್ರ ಒಬ್ಬರೂ ಇರಲಿಲ್ವಲ್ಲಾ. ಸಂಜೆ ಆದ್ರೂ ದೀಪ ಹಾಕಿಲ್ಲ ಅಂತ ನಾನು ಬೀಗದಕೈ ತಗೊಂಡು ಹೋದ್ರೆ, ಕುರ್ಚೀಲೇ ವಾಲಿದ್ರು. ಕೈ ಮೌಸ್ ಮೇಲೇ ಇತ್ತು. ಇನ್ನೂ ಉಸಿರಾಡ್ತಿದ್ರು ಕಣಪ್ಪ. ತಲೇಲಿ ರಕ್ತ ಹೆಪ್ಪುಗಟ್ಟಿದೆ, ಮಧ್ಯಾಹ್ನವೇ ತಂದಿದ್ರೆ ನೋಡಬಹುದಿತ್ತು ಅಂದ್ರು ಡಾಕ್ಟ್ರು."

ತಮ್ಮ ಎದ್ದು ಒಳಗೆ ಹೋದ. ಹಜಾರದಲ್ಲಿ ಕೂತಿದ್ದ ಅವನ ಹೆಂಡತಿ ತಲೆಯೆತ್ತಲಿಲ್ಲ. ನಿನ್ನೆ ರಾತ್ರಿಯಿಂದ ಅವಳು ಗಂಡನ ಮುಖ ನೋಡಿರಲಿಲ್ಲ.

ಅಡುಗೆಮನೆಯಲ್ಲಿ ಅಕ್ಕನ ಮಗಳು ನೆಲದ ಮೇಲೆ ಕೂತಿದ್ದಳು. ಬೇರೆ ಊರಿನಲ್ಲಿ ಶಾಲೆಯ ಟೀಚರ್. ಬೆಳಗಿನ ಜಾವದ ಬಸ್ಸಿಗೆ ಬಂದವಳು ಒಂದು ತೊಟ್ಟು ನೀರು ಕುಡಿದಿರಲಿಲ್ಲ, ಕಣ್ಣು ಮುಚ್ಚಿರಲಿಲ್ಲ. ಫೋನನ್ನು ಅಂಗೈಯಲ್ಲಿಟ್ಟುಕೊಂಡು ಅದನ್ನೇ ನೋಡುತ್ತಿದ್ದಳು.

"ನೋಡಿ ಮಾವ," ಎಂದಳು. "ನಿನ್ನೆ ಮಧ್ಯಾಹ್ನ ಅಮ್ಮ ಫೋನ್ ಮಾಡಿದ್ಲು. ಕ್ಲಾಸ್ ನಡೀತಿತ್ತು, ಕಟ್ ಮಾಡಿದೆ. ಶಾಲೆ ಹೊತ್ತಲ್ಲಿ ಅವಳು ಯಾವತ್ತೂ ಮಾಡಲ್ಲ. ತಲೆ ಸುತ್ತಿ ಬಂದಿರತ್ತೆ. ಭಯ ಆಗಿರತ್ತೆ. ನನ್ನ ಕರೆದ್ಲು, ನಾನು ಕಟ್ ಮಾಡಿದೆ."

ಹಾಗಲ್ಲ ಎಂಬುದು ಅವನಿಗೆ ಗೊತ್ತಿತ್ತು. ಭೂಮಿಯ ಮೇಲೆ ಅವನಿಗೊಬ್ಬನಿಗೇ ಗೊತ್ತಿತ್ತು. ಆದರೆ ಹೇಳಿದರೆ, ಅದು ಹೇಗೆ ಗೊತ್ತು ಎಂದೂ ಹೇಳಬೇಕಾಗುತ್ತದಲ್ಲ.

"ಒಂದಿಷ್ಟು ಕಾಫಿ ಕುಡಿಯಮ್ಮ," ಎಂದು ಹೇಳಿ ಹೊರಗೆ ಬಂದ. ಥೂ ನಿನ್ನ ಜನ್ಮಕ್ಕೆ ಎಂದು ತನಗೆ ತಾನೇ ಉಗಿದುಕೊಂಡ.

*

ಅಕ್ಕ-ತಮ್ಮ ಮಾತು ಬಿಟ್ಟದ್ದು ತಾಯಿ ಸತ್ತ ದಿನ. "ಅಮ್ಮನಿಗೆ ಹೆಚ್ಚಾಗಿದೆ, ಬೇಗ ಬಾರೋ," ಎಂದು ಅಕ್ಕ ಫೋನ್ ಮಾಡಿದ್ದಳು. ಅವಳು ಇರುವೆ ಕಚ್ಚಿದರೂ ಬೀದಿ ಸೇರಿಸುವವಳು ಎಂದುಕೊಂಡು, ಕೈಲಿದ್ದ ಕೆಲಸ ಮುಗಿಸಿಯೇ ಅವನು ಹೊರಟ. ಬಾಗಿಲಿಗೆ ಹಾಕುವ ನಾಮಫಲಕ, ರಬ್ಬರ್ ಮುದ್ರೆ ಮಾಡಿಕೊಡುವ ಸಣ್ಣ ಅಂಗಡಿ ಅವನದು. ಬಂದು ನೋಡಿದರೆ ತಾಯಿಯ ಕಣ್ಣು ಮುಚ್ಚಿಸಿ ಆಗಿತ್ತು. ನೆರೆದವರೆಲ್ಲರ ಮುಂದೆ ಅಕ್ಕ, "ನೀನು ಬರೋದೇ ಹೀಗೆ ಕಣೋ, ಎಲ್ಲಾ ಮುಗಿದ ಮೇಲೆ," ಎಂದಳು. ನಿಜವನ್ನೇ ಹೇಳಿದ್ದಳು, ಅದಕ್ಕೇ ಅವನಿಗೆ ತಡೆಯಲಾಗಲಿಲ್ಲ.

ಮಾತು ಬಿಟ್ಟರೂ ಕಂಪ್ಯೂಟರ್ ಕೆಡುವುದು ಬಿಡುತ್ತದೆಯೇ? ಒಂದು ದಿನ ಅಂಗಡಿಯ ಕಂಪ್ಯೂಟರ್ ಮುಷ್ಕರ ಹೂಡಿದಾಗ, ಗಂಡನನ್ನು ಕೇಳದೆ ಹೆಂಡತಿ ಅತ್ತಿಗೆಗೆ ಫೋನ್ ಮಾಡಿದಳು. ಅತ್ತಿಗೆ ಹೇಳಿಕೊಟ್ಟ ಯಾವುದೋ ಪುಕ್ಕಟೆ ಸಾಫ್ಟ್‌ವೇರ್ ಹಾಕಿ, ಪರದೆಯ ಮೇಲೆ ಬಂದ ನಂಬರನ್ನು ಓದಿದಳು. ಓದಿ ಮುಗಿಸುತ್ತಲೇ ಮೌಸಿನ ಬಾಣ ತನ್ನಷ್ಟಕ್ಕೆ ತಾನೇ ಓಡಾಡತೊಡಗಿತು. ಅವನು ಕುರ್ಚಿಯಿಂದ ನೆಗೆದು ನಿಂತ. ಅಕ್ಕ ತನ್ನ ಮನೆಯಲ್ಲಿ ಕೂತೇ ಅವನ ಅಂಗಡಿಯನ್ನು ಗುಡಿಸುತ್ತಿದ್ದಳು.

ಆಮೇಲೆ ಅದೇ ರೂಢಿಯಾಯಿತು. ನಂಬರು ಓದುವುದಕ್ಕೆ ಹೆಂಡತಿ, ನೋಡುವುದಕ್ಕೆ ಅವನು. ಅಕ್ಕನಿಗೆ ಒಂದು ಅಭ್ಯಾಸವಿತ್ತು. ಕೆಲಸವೆಲ್ಲ ತಾನೇ ಮಾಡಿ, ಕೊನೆಯ ಗುಂಡಿಯ ಮೇಲೆ ಬಾಣವನ್ನು ತಂದು ನಿಲ್ಲಿಸಿಬಿಡುವಳು. ನೀನೇ ಒತ್ತು, ಕಲಿತುಕೋ ಎಂದು ಅರ್ಥ. ಅವನು ಬೇಕೆಂದೇ ಒತ್ತುತ್ತಿರಲಿಲ್ಲ. ಬಾಣ ಅಲ್ಲೇ ಅಲ್ಲಾಡುತ್ತಿತ್ತು, ಮೂತಿ ತಿವಿದ ಹಾಗೆ. ಅವನು ಕೈಕಟ್ಟಿ ಕೂರುವನು. ಯಾರು ಮೊದಲು ಸೋಲುತ್ತಾರೆ ನೋಡೇಬಿಡೋಣ ಎಂದು. ಕೊನೆಗೆ ಅಕ್ಕನೇ ಒತ್ತುತ್ತಿದ್ದಳು. ಆ ಆಟ ಅವನಿಗೆ ಎಷ್ಟು ಹಿಡಿಸಿತೆಂದರೆ, ಏನೂ ಕೆಡದಿದ್ದಾಗಲೂ, "ಯಾಕೋ ನಿಧಾನ ಆಗಿದೆ, ಅವಳಿಗೆ ಹೇಳು," ಎಂದು ಹೆಂಡತಿಯನ್ನು ಅಟ್ಟುತ್ತಿದ್ದ.

*

ನಿನ್ನೆ ಮಧ್ಯಾಹ್ನ ನಾಮಫಲಕದ ಅಕ್ಷರಗಳೆಲ್ಲ ಇದ್ದಕ್ಕಿದ್ದಂತೆ ಖಾಲಿ ಚೌಕಗಳಾಗಿಬಿಟ್ಟವು. ಅಕ್ಕ ಬಂದಳು, ಎಂದರೆ ಬಾಣ ಬಂತು. ಚುರುಕಾಗಿಯೇ ಇತ್ತು. ಎಲ್ಲಿಂದಲೋ ಹೊಸ ಅಕ್ಷರಗಳನ್ನು ಇಳಿಸಿತು. ಅವು ಇಳಿಯುತ್ತಿರುವಾಗ ಮೂಲೆಯಲ್ಲಿ ನೋಟ್‌ಪ್ಯಾಡ್ ತೆರೆದುಕೊಂಡಿತು. ಅದರಲ್ಲಿ ಅಕ್ಕ ಯಾವತ್ತೂ ಕೆಲಸದ ಮಾತು ಬಿಟ್ಟು ಇನ್ನೇನೂ ಬರೆದವಳಲ್ಲ. ನಿನ್ನೆ ಬರೆದಳು.

'ಪುಟ್ಟಿಯ ಚಿಕ್ಕಂದಿನ ಫೋಟೊ ಎಲ್ಲಾ ವಾಪಸ್ ಸಿಕ್ಕವು ಕಣೋ, ಆ ಕೆಟ್ಟುಹೋದ ಡಿಸ್ಕಿನಿಂದ. ಸಂತೋಷಕ್ಕೆ ಆಗಲೇ ಫೋನ್ ಮಾಡಿದ್ರೆ ಕಟ್ ಮಾಡಿದಳು, ಕತ್ತೆ.'

ಕೆಳಗಿನ ಸಾಲಿನಲ್ಲಿ ಗೆರೆಯೊಂದು ಮಿನುಗುತ್ತ ಅವನ ಉತ್ತರಕ್ಕೆ ಕಾಯಿತು. ಅವನ ಬೆರಳುಗಳು ಕೀಲಿಗಳ ತನಕ ಹೋದವು. ಏನು ಬರೆಯುವುದು? ಇಷ್ಟು ವರ್ಷದ ಮೇಲೆ ಮೊದಲ ಮಾತು ಯಾವುದಿರಬೇಕು? ಕೈ ಹಿಂದಕ್ಕೆ ತೆಗೆದುಕೊಂಡ.

ಅಕ್ಕ ಕಾದು ಮುಂದಿನ ಕೆಲಸಕ್ಕೆ ಹೋದಳು. ಬಾಣ ಕೊನೆಯ ಗುಂಡಿಯ ಮೇಲೆ ಬಂದು ನಿಂತಿತು.

ಈ ಸಲ ಅಲ್ಲಾಡಲಿಲ್ಲ. ಅವನು ಕೈಕಟ್ಟಿ ಕೂತ. ಗಿರಾಕಿ ಬಂದ, ಮುದ್ರೆ ಒಯ್ದ. ಬಾಣ ಅಲ್ಲೇ ಇತ್ತು. ಉತ್ತರ ಬರೆಯಲಿಲ್ಲವೆಂದು ಮಹಾರಾಣಿಗೆ ಸಿಟ್ಟು ಬಂದಿದೆ ಎಂದುಕೊಂಡ.

"ರೀ, ಅತ್ತಿಗೆಗೆ ಒಂದು ಫೋನ್ ಮಾಡ್ಲಾ?" ಎಂದಳು ಹೆಂಡತಿ.

"ಬೇಡ. ಇವತ್ತು ಅವಳೇ ಸೋಲಲಿ."

ಹೊತ್ತು ಮುಳುಗುವಾಗ ಅಂಗಡಿ ಮುಚ್ಚಿದ. ನೋಟ್‌ಪ್ಯಾಡಿನಲ್ಲಿ ಬರೆದದ್ದನ್ನು ಉಳಿಸಿಕೊಳ್ಳಲೇ ಎಂದು ಕಂಪ್ಯೂಟರ್ ಕೇಳಿತು. ಬೇಡ ಎಂಬಲ್ಲಿ ಒತ್ತಿದ. ಮನೆ ತಲುಪುವಷ್ಟರಲ್ಲಿ ನರ್ಸಮ್ಮನ ಫೋನ್ ಬಂತು. ಓಡಿದರು. ಆಸ್ಪತ್ರೆ ಮುಟ್ಟಿದಾಗ ಎಲ್ಲಾ ಮುಗಿದಿತ್ತು.

*

"ಹೊರಡೋ ಹೊತ್ತಾಯ್ತು," ಎಂದು ಟೈಲರ್ ಹಜಾರದಿಂದ ಕೂಗಿದ. "ಗಾಡಿ ಬಂದಿದೆ. ಮಗಳನ್ನ ಕರೀರಿ."

"ನಾನು ಬರಲ್ಲ!" ಅಡುಗೆಮನೆಯಿಂದ ದನಿ ಚೀರಿತು. "ಯಾವ ಮುಖ ಇಟ್ಕೊಂಡು ಬರ್ಲಿ? ನಾನೇ ಕೊಂದೆ ಅವಳನ್ನ!" ಆಮೇಲೆ ತಲೆ ಗೋಡೆಗೆ ಬಡಿದ ಸದ್ದು. ಮತ್ತೊಮ್ಮೆ.

ನರ್ಸಮ್ಮ ಎದ್ದರು. ಅವರಿಗಿಂತ ಮೊದಲು ತಮ್ಮ ಒಳಗೆ ನುಗ್ಗಿ, ಅವಳ ತಲೆಗೂ ಗೋಡೆಗೂ ನಡುವೆ ಕೈ ಇಟ್ಟ. ಕಾಲಿನಿಂದ ಬಾಗಿಲು ದೂಡಿ ಮುಚ್ಚಿದ.

"ಪುಟ್ಟೀ, ಕೇಳಿಲ್ಲಿ. ಅವಳು ಸಹಾಯಕ್ಕೆ ಕರೀಲಿಲ್ಲಮ್ಮ. ಸಂತೋಷಕ್ಕೆ ಮಾಡಿದ್ದಳು ಫೋನು."

"ಸಮಾಧಾನಕ್ಕೆ ಸುಳ್ಳು ಹೇಳ್ಬೇಡಿ ಮಾವ. ನಿಮಗೇನು ಗೊತ್ತು? ನೀವಿಬ್ರೂ ಮಾತಾಡಿ ಎಷ್ಟು ವರ್ಷ ಆಯ್ತು?"

ಅರ್ಧ ಹೇಳಿ ಅರ್ಧ ಉಳಿಸಿಕೊಳ್ಳುವ ದಾರಿಯೇ ಇರಲಿಲ್ಲ. ಅವನು ಅವಳೆದುರು ನೆಲದ ಮೇಲೆ ಕೂತ. ಬಾಣ ಬಂದದ್ದು, ಅಕ್ಷರ ಇಳಿಸಿದ್ದು, ನೋಟ್‌ಪ್ಯಾಡ್ ತೆರೆದದ್ದು, ಫೋಟೊಗಳ ಸುದ್ದಿ. "ಆಗಲೇ ಫೋನ್ ಮಾಡಿದ್ರೆ ಕಟ್ ಮಾಡಿದಳು ಅಂತ ಬರೆದಳು. ನಿನ್ನ ಫೋನ್ ಆದ ಮೇಲೂ ಚೆನ್ನಾಗೇ ಇದ್ಲು ಪುಟ್ಟಿ. ಕತ್ತೆ ಅಂತ ಬೈದಳು ನಿನ್ನ."

"ಕತ್ತೆ ಅಂದ್ಲಾ?"

"ಹಾಗಂತಲೇ ಬರೆದಳು."

ಹುಟ್ಟಿದಾಗಿನಿಂದ ಅವಳನ್ನು ತಾಯಿ ಕರೆಯುತ್ತಿದ್ದುದೇ ಹಾಗೆ. ಅವಳ ಬಾಯಿಂದ ನಗುವೂ ಅಲ್ಲದ ಅಳುವೂ ಅಲ್ಲದ ಒಂದು ಸದ್ದು ಹೊರಟಿತು. ಭುಜಗಳು ಸಡಿಲಾದವು. ಮಾವನ ತೋಳು ಹಿಡಿದುಕೊಂಡು ಮನಸಾರೆ ಅತ್ತಳು. ಅವನಿಗೂ ಅಳು ಬಂತು. ಇಲ್ಲಿಗೇ ನಿಲ್ಲಬಾರದೇ ದೇವರೇ ಎನ್ನಿಸಿತು.

"ಆಮೇಲೆ?" ಎಂದಳು ಕಣ್ಣೊರೆಸಿಕೊಂಡು.

"ಆಮೇಲೆ ಬಾಣ ನಿಂತುಹೋಯ್ತು."

"ನಿಂತುಹೋಯ್ತು ಅಂದ್ರೆ?"

"ಅಲ್ಲಾಡಲಿಲ್ಲ. ಹಟ ಮಾಡ್ತಿದಾಳೆ ಅಂದ್ಕೊಂಡೆ. ಹಾಗೆ ಮಾಡ್ತಿದ್ಲು ಅವಳು."

"ಎಷ್ಟೊತ್ತು?"

"ಅಂಗಡಿ ಮುಚ್ಚೋವರೆಗೂ."

"ನೋಡ್ತಾ ಕೂತಿದ್ರಾ ಮಾವ?"

"ಹೂಂ."

"ಒಂದು ಫೋನ್..." ಎಂದಳು. ಅವನ ತೋಳಿನ ಮೇಲಿದ್ದ ಕೈಯನ್ನು ಮೆಲ್ಲಗೆ ತೆಗೆದಳು. ಎದ್ದು ನಲ್ಲಿ ತಿರುಗಿಸಿ ಮುಖ ತೊಳೆದಳು, ಒಂದು ಲೋಟ ನೀರು ಕುಡಿದಳು. ಬಾಗಿಲು ತೆರೆದು, "ನಡೀರಿ, ಹೊರಡೋಣ," ಎಂದಳು ಹೊರಗಿದ್ದವರಿಗೆ.

ಸ್ಮಶಾನದಲ್ಲಿ ಅವನು ಕಾಯುತ್ತಲೇ ಇದ್ದ. ಈಗ ಹೇಳುತ್ತಾಳೆ, ಎಲ್ಲರ ಮುಂದೆ ಹೇಳುತ್ತಾಳೆ, ಅವಳ ತಾಯಿ ಹೇಳಿದ ಹಾಗೆಯೇ ಎಂದು. ಹೇಳಿಬಿಡಲಿ ಎಂದೂ ಅನ್ನಿಸಿತು. ಬೈದರೆ ತಲೆ ತಗ್ಗಿಸಬಹುದು, ಕಾಲು ಹಿಡಿಯಬಹುದು. ಟೈಲರ್ ಮಣ್ಣು ಹಾಕಿದ, ನರ್ಸಮ್ಮ ಹಾಕಿದರು, ಹೆಂಡತಿ ಹಾಕಿದಳು. ಅವನು ಹಾಕುವಾಗ ಅಕ್ಕನ ಮಗಳು ದೂರದ ಗೋಡೆಯತ್ತ ನೋಡುತ್ತಿದ್ದಳು.

ಮನೆಗೆ ಮರಳಲು ಬಾಡಿಗೆ ಕಾರು ನಿಂತಿತ್ತು. ಹೆಂಡತಿ ಮುಂದೆ ಕೂತಳು. ಅಕ್ಕನ ಮಗಳು ಹಿಂದೆ, ಕಿಟಕಿಯ ಪಕ್ಕ. ಅವನು ಸುತ್ತಿ ಬಂದು ಆಚೆ ಬಾಗಿಲು ತೆರೆದ. ಅವಳು ತೊಡೆಯ ಮೇಲಿದ್ದ ಕೈಚೀಲವನ್ನು ಎತ್ತಿ ಪಕ್ಕದ ಖಾಲಿ ಸೀಟಿನ ಮೇಲಿಟ್ಟಳು.

"ಹತ್ತಿ ಸಾರ್," ಎಂದ ಡ್ರೈವರ್.

"ನೀವು ಹೋಗಿ. ನಾನು ನಡ್ಕೊಂಡು ಬರ್ತೀನಿ," ಎಂದು ಅವನು ಸದ್ದಾಗದ ಹಾಗೆ ಬಾಗಿಲು ಮುಚ್ಚಿದ.

ಕಾರು ಹಿಂದೆ ಸರಿದು, ತಿರುಗಿ, ಅವನ ಮುಂದಿನಿಂದಲೇ ನಿಧಾನವಾಗಿ ಹಾದುಹೋಯಿತು. ಕಿಟಕಿಯ ಗಾಜಿಗೆ ತಲೆ ಆನಿಸಿ, ಬಾಯಿ ಅರೆತೆರೆದು, ಅಕ್ಕನ ಮಗಳು ಆಗಲೇ ಗಾಢ ನಿದ್ದೆ ಹೋಗಿದ್ದಳು.