ಮೇಣದೊಳಗಿನ ಚೂರು

ರಾಣೆಬೆನ್ನೂರಿನ ಡಾಕ್ಟರು ಅರುಣಾಳ ಬಾಯಿಯಿಂದ ನಳಿಕೆ ಇಳಿಸಿ, ಹೊಟ್ಟೆಯ ಗಡ್ಡೆಯಿಂದ ಒಂದು ಚೂರು ಮಾಂಸ ತೆಗೆದಿದ್ದರು. ಕ್ಯಾನ್ಸರ್ ಎಂದು ಗೊತ್ತಾದ ಮೇಲೆ, ಕೆಡದಂತೆ ಮೇಣದಲ್ಲಿ ಹುದುಗಿಸಿದ್ದ ಆ ಚೂರನ್ನು ಪುಟ್ಟ ಡಬ್ಬಿಯಲ್ಲಿಟ್ಟು ಅವಳ ಗಂಡ ವಿಜಯಮಹಾಂತೇಶನ ಕೈಗೆ ಕೊಟ್ಟರು.

“ಬೆಂಗಳೂರಿನ ಲ್ಯಾಬಿಗೆ ಲಗೂ ಕಳಸ್ರಿ. ಮೈ ಕಾಯೋ ಬಿಳಿ ಕಣ ಗಡ್ಡಿಯೊಳಗ ಹೊಕ್ಕಾವೋ ಇಲ್ಲೋ, ಗಡ್ಡಿ ಕಣದ ಮ್ಯಾಲ ಗುರುತು ಎಷ್ಟೈತಿ, ಅಲ್ಲಿ ನೋಡ್ತಾರ. ಗುರುತು ಇತ್ತಂದ್ರ ಆ ಬಿಳಿ ಕಣ ಎಬ್ಬಿಸೋ ಇಂಜೆಕ್ಷನ್ ನಾಟತೈತಿ. ಇಲ್ಲಂದ್ರ ಸುಮ್ನ ಚುಚ್ಚಿಸ್ಕೊಂಡಂಗ.”

ಅವನು ತಮ್ಮೂರು ಬ್ಯಾಡಗಿಗೆ ಬರುವಷ್ಟರಲ್ಲಿ ಕೊರಿಯರ್ ಅಂಗಡಿ ಮುಚ್ಚಿತ್ತು. ಡಬ್ಬಿಯನ್ನು ದೇವರ ಜಗಲಿಯ ಮೇಲಿಟ್ಟು ಮಲಗಿದ. ಬೆಳಿಗ್ಗೆ ಅದು ಅಲ್ಲಿರಲಿಲ್ಲ. ಮೆಣಸಿನಕಾಯಿ ವ್ಯಾಪಾರಿಯಾದ ಅವನಿಗೆ ಅಂದು ಪೇಟೆಯ ದಿನ, ಹರಾಜಿನ ಟೆಂಡರಿಗೆ ಹೊತ್ತಾಗುತ್ತಿತ್ತು. ಹೆಂಡತಿ ಕೇಳಿದಾಗ “ಕಳಿಸೇನಿ” ಎಂದು ಸುಳ್ಳು ಹೇಳಿಬಿಟ್ಟ. ಸಿಕ್ಕಾಗ ಕಳಿಸಿದರಾಯಿತು ಎಂದುಕೊಂಡ. ಆಮೇಲೆ ಮರೆತ.

ಅರುಣಾ ರಿಪೋರ್ಟಿಗೆ ಕಾದಳು. ರೊಟ್ಟಿ ಇಳಿಯದಾಯಿತು, ಅಂಬಲಿಗೆ ಬಂದಳು. ಅದೂ ವಾಂತಿಯಾಗತೊಡಗಿತು.

“ಕಕ್ಕಾಕಂತನ ಕುಡೀತಾಳ,” ಅತ್ತೆ ಗದಿಗೆವ್ವ ಲೋಟ ತೊಳೆಯುತ್ತ ಅನ್ನುತ್ತಿದ್ದಳು. “ಜ್ವಾಳಕ್ಕೂ ಮರ್ಯಾದಿ ಇಲ್ಲದಂಗಾತು.”

ಒಂದು ಮುಂಜಾನೆ ಬಚ್ಚಲಿಗೆ ಹೋದ ಅರುಣಾಳಿಗೆ, ನೀರೊಲೆಯ ಮೇಲಿನ ಗೂಡಿನಲ್ಲಿ ಆ ಡಬ್ಬಿ ಕಂಡಿತು. ಹೊಗೆ ಹತ್ತಿ ಕಪ್ಪಾಗಿತ್ತು. ಒಳಗೆ ಮೇಣ ಕರಗಿ ತಳಕ್ಕೆ ಅಂಟಿತ್ತು. ಚೂರು ಹುರಿದ ಮೆಣಸಿನ ಬೀಜದಷ್ಟಾಗಿತ್ತು.

“ಅತ್ತೀ, ಇದನ್ನ ಇಲ್ಲಿ ಯಾರಿಟ್ರು?”

“ನಾನ. ಕೊಯ್ದ ಮಾಂಸ ದೇವರ ಮುಂದ ಇಡ್ತಾರೇನು?”

“ಲ್ಯಾಬಿಗೆ ಕಳಸೂದಿತ್ತಲ್ರಿ.”

“ಯಾಕ ಕಳಸ್ಬೇಕು? ಸತ್ತೋರ್ನ ಕುಂಡ್ರಿಸಿ ಮಣ್ಣ ಕೊಡೋ ಮಂದಿ ನಾವು. ಮೈ ಪೂರ್ತಿ ಇರಬೇಕು. ಅರ್ಧಾಮರ್ಧಾ ಕುಂಡ್ರಿಸಿದ್ರ ಊರು ನನಗ ಉಗೀತೈತಿ.”

“ನಾ ಇನ್ನಾ ಸತ್ತಿಲ್ಲರಿ.”

“ಅದಕ್ಕ ಜ್ವಾಪಾನ ಮಾಡೇನಿ.”

ಬಾಗಿಲಲ್ಲಿ ನಿಂತಿದ್ದ ವಿಜಯಮಹಾಂತೇಶ ಎಲ್ಲ ಕೇಳಿದ. ಹೆಂಡತಿಯ ಕಡೆ ತಿರುಗಿದ. “ಹೋಗ್ಲಿ ಬಿಡು, ಇನ್ನೊಂದು ಚೂರು ತಗಸೂಣು,” ಎಂದ, ಚೀಲದಿಂದ ಮಾದರಿಗೆ ಮತ್ತೊಂದು ಹಿಡಿ ಮೆಣಸಿನಕಾಯಿ ತೆಗೆಯುವವನಂತೆ.

ಡಾಕ್ಟರು ಬೈದರು. “ಈಗ ಗಡ್ಡಿ ಮುಟ್ಟಿದ್ರ ರಕ್ತ ನಿಲ್ಲೂದು ಕಷ್ಟ ಐತಿ. ಇಷ್ಟ ದಿನ ಏನ್ ಮಾಡಿದ್ರಿ?”

“ತಗೀರಿ ಸರ,” ಎಂದಳು ಅರುಣಾ. “ಮನಿಯಾಗ ನನ್ನ ಕುಣಿ ಅಳತಿ ನಡದೈತಿ.”

ಎರಡನೆಯ ಚೂರನ್ನು ಆಸ್ಪತ್ರೆಯವರೇ ಕಳಿಸಿದರು. ರಕ್ತ ನಿಂತಂತೆ ಮಾಡಿ ಮತ್ತೆ ಒಸರತೊಡಗಿತು. ಮನೆಗೆ ಬಂದ ವಾರದೊಳಗೆ ಅವಳು ಸತ್ತಳು.

ಕುಣಿಯಲ್ಲಿ ಕೂರಿಸಿ, ವಿಭೂತಿ ಹಚ್ಚಿ, ಪತ್ರಿ ಹಾಕಿದರು. ಗದಿಗೆವ್ವ ಸೆರಗಿನ ಗಂಟಿನಿಂದ ಡಬ್ಬಿ ತೆಗೆದು ಸೊಸೆಯ ತೊಡೆಯ ಮೇಲೆ ಇಡಿಸಿದಳು. ಆಗಲೇ ಮಗನ ಫೋನು ಸದ್ದು ಮಾಡಿತು. ಡಾಕ್ಟರದು. ಸಾವಿನ ಸುದ್ದಿ ಅವರಿಗೆ ಮುಟ್ಟಿರಲಿಲ್ಲ.

“ರಿಪೋರ್ಟ್ ಚಲೋ ಬಂದೈತ್ರಿ. ಗುರುತು ಜೋರೈತಿ, ಬಿಳಿ ಕಣನೂ ಬೇಕಾದಷ್ಟು ಹೊಕ್ಕಾವ. ನಾಳಿನ ಕರಕೊಂಡು ಬರ್ರಿ, ಇಂಜೆಕ್ಷನ್ ಶುರು ಮಾಡೂಣು.”

ಅವನು ಫೋನು ಇಳಿಸಿದ.

“ಏನಂತಪಾ?” ಗದಿಗೆವ್ವ ಕೇಳಿದಳು.

“ಇಂಜೆಕ್ಷನ್ ನಾಟ್ತಿತ್ತಂತಬೇ.”

ಮುದುಕಿ ಕುಣಿಯೊಳಗೆ ಬಗ್ಗಿ ನೋಡಿದಳು. “ಅದಿರ್ಲಿ. ಆ ಎರಡನೇ ಚೂರು ಎಲ್ಲೈತಿ?”

“ಲ್ಯಾಬಿನಾಗ.”

“ಫೋನ್ ಹಚ್ಚಿ ಕೇಳು, ಯಾವಾಗ ವಾಪಸ್ ಕೊಡ್ತಾರಂತ. ಮಣ್ಣ ಹಾಕಬ್ಯಾಡ್ರೋ, ತಡೀರಿ.”

ವಿಜಯಮಹಾಂತೇಶ ಲ್ಯಾಬಿನ ನಂಬರು ಹುಡುಕತೊಡಗಿದ.